ಕೇಳಬೇಕಾದ ವರ ಒಂದಿದೆ

ಜುಲೈ 22 ಬಂತೆಂದರೆ ಯೇಸುಸಭೆ (ಜೆಸ್ವಿಟ್ ಸಂಘ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ನೊವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ ಶುರು, 31ಕ್ಕೆ ಹಬ್ಬ. ಕೋರಿಕೆ ಪೆಟ್ಟಿಗೆಗೆ ಬೀಳುವ ಚೀಟಿಗಳಲ್ಲಿ ಏನಿರುತ್ತದೆಂದು ಯಾರಾದರೂ ಹೇಳಬಹುದು: ವೀಸಾ, ಗಲ್ಫ್‌ನಲ್ಲಿ ಕೆಲಸ, ಮಗಳ ಮದುವೆ, ಮಂಡಿನೋವು. ಕೇಳಬಾರದೆಂದಲ್ಲ, ತಂದೆಯ ಹತ್ತಿರ ಮಕ್ಕಳು ಕೇಳದೆ ಇನ್ಯಾರು ಕೇಳಬೇಕು? ಆದರೆ ದಮಸ್ಕದ ದಾರಿಯಲ್ಲಿ ಕಣ್ಣು ಕತ್ತಲಾಗಿ ಬಿದ್ದ ಸೌಲ (ಮುಂದೆ ಸಂತ ಪೌಲನಾದವನು) ಕೇಳಿದ್ದು ಬೇರೆ. "ಪ್ರಭುವೇ, ನಾನೇನು ಮಾಡಬೇಕು?" ಆ ಚೀಟಿ ಈಗೀಗ ಅಪರೂಪ. ಕೇಳುವವರೂ ದೇವರಿಂದ ಒಂದು 'ಸೂಚನೆ' ಬೇಕೆನ್ನುತ್ತಾರೆ. ಪೀಠದ ಮುಂದೆ ಎರಡು ಚೀಟಿ ಮಡಚಿಟ್ಟು ಒಂದನ್ನು ಎತ್ತುವುದು, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದು. ಇದು ಅವಸರ, ದೇವರ ಚಿತ್ತ ಯಾವುದೆಂದು ತಾಳ್ಮೆಯಿಂದ ಅರಿಯುವ ವಿವೇಚನೆಯಲ್ಲ.

ಇಗ್ನೇಷಿಯಸ್‌ರಿಗೆ ವಿವೇಚನೆಯ ಪಾಠ ಸಿಕ್ಕಿದ್ದು ಗುಡಿಯಲ್ಲಲ್ಲ, ಮಂಚದ ಮೇಲೆ. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಬಲಗಾಲನ್ನು ಮುರಿಯಿತು. ಕೂಡಿಸಿದ ಮೂಳೆ ಸೊಟ್ಟಗೆ ಕೂತಿತೆಂದು ಮತ್ತೆ ಮುರಿದು ಕೂಡಿಸಿದರು. ಆಮೇಲೂ ಮಂಡಿಯ ಕೆಳಗೆ ಎಲುಬು ಉಬ್ಬಿಕೊಂಡಿತು. ಬಿಗಿಯಾದ ಬೂಟು ತೊಟ್ಟು ಅರಮನೆಯಲ್ಲಿ ಓಡಾಡುವ ಶೋಕಿ ಇತ್ತಲ್ಲ, ಅದಕ್ಕಾಗಿ ಆ ಉಬ್ಬನ್ನು ಕೊಯ್ಯಿಸಿಕೊಂಡರು. ಅರಿವಳಿಕೆಯ ಔಷಧಿ ಇಲ್ಲದ ಕಾಲ ಅದು. ಲೊಯೋಲಾದ ಮನೆಯಲ್ಲಿ ಮಲಗಿದ್ದಾಗ ಓದಲು ವೀರರ ಕಥೆ ಕೇಳಿದರೆ ಸಿಕ್ಕಿದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು. ಯುದ್ಧ, ಒಬ್ಬ ಕುಲೀನ ಸ್ತ್ರೀಯ ಸೇವೆ ಎಂದು ಗಂಟೆಗಟ್ಟಲೆ ಕನಸು ಕಂಡರು. ಕಾಣುವಷ್ಟು ಹೊತ್ತು ಸುಖ, ಮುಗಿದ ಮೇಲೆ ಮನಸ್ಸು ಬರಡು. ಸಂತ ಫ್ರಾನ್ಸಿಸ್‌ರಂತೆ, ಸಂತ ಡೊಮಿನಿಕ್‌ರಂತೆ ಬಾಳಿದರೆ ಎಂದು ಯೋಚಿಸಿದಾಗಲೂ ಸುಖ, ಆದರೆ ಮುಗಿದ ಮೇಲೂ ಆ ಸಂತೋಷ ಉಳಿಯುತ್ತಿತ್ತು. ಎರಡರ ನಡುವಿನ ವ್ಯತ್ಯಾಸ ಒಂದು ದಿನ ಅವರ ಗಮನಕ್ಕೆ ಬಂತು. ಆಮೇಲೆ ಮನ್ರೇಸಾದಲ್ಲಿ ಬರೆಯತೊಡಗಿ, 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆದ 'ಆಧ್ಯಾತ್ಮಿಕ ಸಾಧನೆ'ಯ ಬೇರು ಇಲ್ಲಿದೆ.

ಆ ಪುಸ್ತಕ ಆರಂಭದಲ್ಲೇ ಗುರಿಯನ್ನು ಹೇಳಿಬಿಡುತ್ತದೆ: ಮನುಷ್ಯ ಸೃಷ್ಟಿಯಾಗಿರುವುದು ದೇವರನ್ನು ಸ್ತುತಿಸಿ, ಗೌರವಿಸಿ, ಸೇವಿಸಿ ಆತ್ಮರಕ್ಷಣೆ ಪಡೆಯಲು. ಮಿಕ್ಕದ್ದೆಲ್ಲ ಅದಕ್ಕೆ ನೆರವು. ಮದುವೆ, ಉದ್ಯೋಗ, ಗುರುದೀಕ್ಷೆ (ಪಾದ್ರಿಯಾಗುವುದು) ಇವೆಲ್ಲ ದಾರಿಗಳು. ನಾವು ಮಾಡುವುದು ತಿರುಗುಮುರುಗು. ಮೊದಲು ಮದುವೆಯೋ ಸಂಪಾದನೆಯೋ ನಿಶ್ಚಯವಾಗಲಿ, ಆಮೇಲೆ ಅದರೊಳಗೆ ದೇವರ ಸೇವೆ ಎನ್ನುತ್ತೇವೆ. ಇಂಥವರು ದೇವರ ಬಳಿಗೆ ತಾವು ಹೋಗದೆ, ತಮ್ಮ ಆಸೆಯ ಬಳಿಗೆ ದೇವರೇ ಬರಲಿ ಎನ್ನುತ್ತಾರೆ ಎಂದು ಇಗ್ನೇಷಿಯಸ್ ಖಡಾಖಂಡಿತವಾಗಿ ಬರೆದಿದ್ದಾರೆ. ಬಹಳ ಜನರ ನೊವೇನ ಎಡವುವುದು ಇಲ್ಲೇ.

ದೊಡ್ಡ ಪ್ರಶ್ನೆಗೆ ಕೈಹಾಕುವ ಮುನ್ನ ದಿನದ ಆತ್ಮಶೋಧನೆ ರೂಢಿಯಾಗಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಹತ್ತು ಹದಿನೈದು ನಿಮಿಷ ಸಾಕು. ಮೊದಲು ಪಡೆದದ್ದಕ್ಕೆ ಕೃತಜ್ಞತೆ, ನಂತರ ತನ್ನನ್ನು ತಾನು ಕಾಣುವ ಬೆಳಕಿಗಾಗಿ ಬೇಡಿಕೆ, ಆಮೇಲೆ ಎದ್ದ ಗಳಿಗೆಯಿಂದ ಹಿಡಿದು ಗಂಟೆಗಂಟೆಯ ಯೋಚನೆ, ಮಾತು, ಕೆಲಸಗಳ ಪರಿಶೀಲನೆ, ಕ್ಷಮಾಪಣೆ, ಕೊನೆಗೆ ತಿದ್ದಿಕೊಳ್ಳುವ ಸಂಕಲ್ಪ ಮತ್ತು ಪರಲೋಕ ಮಂತ್ರ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ. ಕೃತಜ್ಞತೆಯನ್ನು ಹಾರಿಸಿದರೆ ಇದು ಬರೀ ಪಾಪದ ಪಟ್ಟಿಯಾಗಿ ವಾರದೊಳಗೆ ಬೇಸರ ತರಿಸುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಮೂರನೆಯ ಹಂತಕ್ಕೆ ನಿದ್ದೆ. ಬಿಡದ ದೋಷ ಒಂದಿದ್ದರೆ ಅದಕ್ಕೆ ಪ್ರತ್ಯೇಕ ಲೆಕ್ಕವಿದೆ: ವಾರದ ಏಳು ದಿನಕ್ಕೆ ದಿನಕ್ಕೆರಡರಂತೆ ಗೆರೆ ಎಳೆದು, ಮೇಲಿನದರಲ್ಲಿ ಮಧ್ಯಾಹ್ನದವರೆಗಿನ, ಕೆಳಗಿನದರಲ್ಲಿ ರಾತ್ರಿಯವರೆಗಿನ ತಪ್ಪುಗಳನ್ನು ಚುಕ್ಕಿ ಇಟ್ಟು ಗುರುತಿಸುವುದು. ನಿನ್ನೆಗೆ ಇವತ್ತನ್ನು, ಹೋದ ವಾರಕ್ಕೆ ಈ ವಾರವನ್ನು ಹೋಲಿಸುವುದು. ಅಂಗಡಿ ಲೆಕ್ಕದಂತಿದೆ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ.

ಇನ್ನು ಜೀವನದ ದಾರಿಯ ಆಯ್ಕೆ. ಮೊದಲನೆಯದಾಗಿ, ಎರಡೂ ದಾರಿ ಒಳ್ಳೆಯವೇ ಆಗಿರಬೇಕು. ಪಾಪಕ್ಕೂ ಪುಣ್ಯಕ್ಕೂ ನಡುವೆ ವಿವೇಚನೆ ಎಂಬುದಿಲ್ಲ. ಮದುವೆಯಾದವರು, ದೀಕ್ಷೆ ಪಡೆದವರು ಅದನ್ನೇ ಮತ್ತೆ ಪ್ರಶ್ನೆಗೆ ಹಾಕುವಂತಿಲ್ಲ. ಇರುವ ಬಾಳನ್ನು ಇನ್ನೂ ಚೆನ್ನಾಗಿ ಬಾಳುವುದು ಹೇಗೆಂಬುದಷ್ಟೇ ಅವರ ಪ್ರಶ್ನೆ. ಮನಸ್ಸು ಯಾವ ಕಡೆಗೂ ವಾಲದ ಸ್ಥಿತಿಗಾಗಿ ಮೊದಲು ಬೇಡಿಕೊಳ್ಳಬೇಕು, ಇದಕ್ಕೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಅಂಕಣ: ಒಪ್ಪಿಕೊಂಡರೆ ಆಗುವ ಲಾಭ, ಒಪ್ಪಿಕೊಂಡರೆ ಇರುವ ಅಪಾಯ, ಬಿಟ್ಟರೆ ಲಾಭ, ಬಿಟ್ಟರೆ ಅಪಾಯ. ಎರಡೇ ಅಂಕಣ ಸಾಕಲ್ಲ ಎನಿಸುತ್ತದೆ, ಸಾಲದು. ಬಿಟ್ಟರೆ ಏನಾದೀತೆಂಬ ಭಯ ಹೊರಬರುವುದು ಕೊನೆಯ ಅಂಕಣದಲ್ಲೇ. ಲಾಭವೆಂದರೆ ಸಂಬಳವಲ್ಲ, ದೇವರ ಸೇವೆಗೆ ಆಗುವ ಅನುಕೂಲ. ಇಷ್ಟಾದರೂ ಬಗೆಹರಿಯದಿದ್ದರೆ ಇನ್ನು ಮೂರು ಉಪಾಯ: ಗುರುತು ಪರಿಚಯವಿಲ್ಲದ ಒಬ್ಬರು ಇದೇ ಸಂಕಟ ಹೇಳಿಕೊಂಡು ಬಂದರೆ ಅವರಿಗೆ ಏನು ಹೇಳುತ್ತಿದ್ದೆ? ಸಾಯುವ ಹೊತ್ತಿನಲ್ಲಿ ಯಾವುದನ್ನು ಆರಿಸಿರಬೇಕಿತ್ತು ಎನಿಸೀತು? ತೀರ್ಪಿನ ದಿನ?

ನಿರ್ಧಾರ ಒಂದು ಬದಿಗೆ ನಿಂತ ಮೇಲೂ ಕೆಲಸ ಬಾಕಿ ಇದೆ. ಅದನ್ನು ದೇವರ ಮುಂದಿಟ್ಟು, ಒಪ್ಪಿಗೆಯಾದರೆ ದೃಢಪಡಿಸು ಎಂದು ಬೇಡಬೇಕು. ಆಗ ಗಮನಿಸಬೇಕಾದದ್ದು ಒಳಗಿನ ಸದ್ದು. ಒಳ್ಳೆಯ ದಾರಿಯಲ್ಲಿರುವವರಿಗೆ ಒಳ್ಳೆಯ ಪ್ರೇರಣೆ ನೀರಹನಿ ಸ್ಪಂಜಿನೊಳಗೆ ಇಳಿದಂತೆ ಇಳಿಯುತ್ತದೆ. ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದಂತೆ ಸಿಡಿಯುತ್ತದೆ. ಮನಸ್ಸು ಬತ್ತಿಹೋಗಿ, ಪ್ರಾರ್ಥನೆ ಬೇಡವಾಗಿ, ಎಲ್ಲ ಕತ್ತಲೆ ಎನಿಸುವಾಗ ಹಿಂದಿನ ನಿರ್ಧಾರವನ್ನು ಬದಲಿಸಲೇಬಾರದು. ಅಂಥ ದಿನ ಒಂದು ಗಂಟೆಯ ಪ್ರಾರ್ಥನೆಯನ್ನು ಮೊಟಕು ಮಾಡುವ ಬದಲು ಗಂಟೆ ದಾಟಿ ಸ್ವಲ್ಪ ಹೊತ್ತು ಹೆಚ್ಚೇ ಕೂರಬೇಕು. ಮತ್ತು ಯಾರಿಗೂ ಹೇಳಬೇಡ ಎನ್ನುವ ಯೋಚನೆ ಬಂದರೆ ಅದನ್ನೇ ಮೊದಲು ಗುರುಗಳಿಗೆ ಹೇಳಬೇಕು. ಗುಟ್ಟು ಬಯಸುವುದು ಶತ್ರುವಿನ, ಅಂದರೆ ಸೈತಾನನ ಲಕ್ಷಣ.

ಉದ್ದೇಶ ಎಂದರೆ ದೊಡ್ಡ ಸಾಧನೆ ಎಂದುಕೊಂಡವರು ಸಂತ ಅಲ್ಫೋನ್ಸಸ್ ರಾಡ್ರಿಗಸ್‌ರನ್ನು ನೆನೆಯಬೇಕು. ಸ್ಪೇನಿನ ಸೆಗೋವಿಯಾದ ಬಟ್ಟೆ ವ್ಯಾಪಾರಿ. ಹೆಂಡತಿ ಹೋದಳು, ಮಕ್ಕಳು ಒಬ್ಬೊಬ್ಬರಾಗಿ ಹೋದರು, ವ್ಯಾಪಾರ ಕುಸಿಯಿತು. ಯೇಸುಸಭೆಗೆ ಸೇರುತ್ತೇನೆಂದರೆ ವಯಸ್ಸಾಯಿತು, ಆರೋಗ್ಯವಿಲ್ಲ, ಓದಿಲ್ಲ ಎಂದರು. ಕೊನೆಗೆ 1571ರಲ್ಲಿ ಸಹೋದರನಾಗಿ (ಗುರುದೀಕ್ಷೆ ಇಲ್ಲದ ಸದಸ್ಯನಾಗಿ) ಸೇರಿಸಿಕೊಂಡು ಮಯೋರ್ಕಾ ದ್ವೀಪದ ಕಾಲೇಜಿಗೆ ಕಳಿಸಿದರು. ಅಲ್ಲಿ ಬಾಗಿಲು ಕಾಯುವ ಕೆಲಸ. ಬಾಗಿಲು ತಟ್ಟಿದ ಸದ್ದು ಕೇಳಿದಾಗಲೆಲ್ಲ "ಬಂದೆ ಪ್ರಭುವೇ" ಎನ್ನುತ್ತ ಹೋಗುತ್ತಿದ್ದರಂತೆ. ತಟ್ಟಿದವನು ಭಿಕ್ಷುಕನಿರಬಹುದು, ಪತ್ರ ತಂದವನಿರಬಹುದು, ತರಗತಿಗೆ ತಡವಾಗಿ ಓಡಿಬಂದ ಹುಡುಗನಿರಬಹುದು. ಆ ಹಳೆಯ ಬಾಗಿಲು, ಮತ್ತೆ ಮತ್ತೆ ಬೀಳುವ ಬಡಿತ, ಮೊಣಕಾಲು ಸವೆದ ಒಬ್ಬ ಮುದುಕ, ಅದೇ ಎರಡು ಮಾತು. ವಿದ್ವತ್ತಿನ ಪ್ರವಚನ ಹತ್ತು ಕೇಳಿದರೂ ಈ ಎರಡು ಮಾತಿನ ತೂಕ ಬಾರದು. 1605ರಲ್ಲಿ ಪೀಟರ್ ಕ್ಲೇವರ್ ಎಂಬ ತರುಣ ಆ ಕಾಲೇಜಿಗೆ ಬಂದು ಇವರ ಹತ್ತಿರ ಮಾರ್ಗದರ್ಶನ ಕೇಳಿದ. ಅಮೆರಿಕಕ್ಕೆ ಹೋಗು ಎಂದು ಪ್ರೇರೇಪಿಸಿದವರು ಈ ದ್ವಾರಪಾಲಕರೇ. ಆತ 1610ರಲ್ಲಿ ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರು ತಲುಪಿ, ಹಡಗುಗಳಲ್ಲಿ ಸರಕಿನಂತೆ ಬಂದಿಳಿಯುತ್ತಿದ್ದ ಆಫ್ರಿಕದ ಗುಲಾಮರ ಸೇವೆಯಲ್ಲಿ ಬಾಳು ಸವೆಸಿದ. ಪಾಠ ಹೇಳಿದ ಸಹೋದರನನ್ನೂ ಕೇಳಿದ ಶಿಷ್ಯನನ್ನೂ 1888ರಲ್ಲಿ ಒಂದೇ ದಿನ ಸಂತರೆಂದು ಘೋಷಿಸಲಾಯಿತು.

ಪೂರ್ಣ ಸಾಧನೆಗೆ ಮೌನದಲ್ಲಿ ಸುಮಾರು 30 ದಿನ ಬೇಕು. ಮನೆ, ನೌಕರಿ ಬಿಟ್ಟು ಹೋಗಲಾಗದವರಿಗೆ ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳುಗಟ್ಟಲೆ ನಡೆಸುವ ಕ್ರಮವನ್ನು ಇಗ್ನೇಷಿಯಸ್ ಅವರೇ ಬರೆದಿಟ್ಟಿದ್ದಾರೆ. ಎರಡಕ್ಕೂ ಮಾರ್ಗದರ್ಶಕರು ಬೇಕು, ಒಬ್ಬರೇ ಪುಸ್ತಕ ಹಿಡಿದು ಕೂರುವುದಲ್ಲ. ನೊವೇನದ ಒಂಬತ್ತು ದಿನದಲ್ಲಿ ಆಯ್ಕೆ ಮುಗಿಸಲೇಬೇಕೆಂಬ ಹಟ ಬೇಡ. ಈ ಸಲ ರಾತ್ರಿಯ ಆತ್ಮಶೋಧನೆ ತಪ್ಪದೆ ನಡೆಯಲಿ. ನಾಲ್ಕು ಅಂಕಣದ ಹಾಳೆ ಹಬ್ಬ ಕಳೆದ ಮೇಲೆ ತೆಗೆದರೂ ಆದೀತು.