ಚಾಸಿ ಇದ್ದಷ್ಟು ಕಾಲು ಚಾಚು

ಪುಣೆಗೆ ಬಂದು ನೆಲೆಸಿ ಇಪ್ಪತ್ಮೂರು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಧಾರವಾಡಕ್ಕೆ ಎಷ್ಟು ಸಲ ಹೋಗಿಬಂದೆನೆಂಬ ಲೆಕ್ಕ ಇಟ್ಟಿಲ್ಲವಾದರೂ, ನಾಲ್ಕು ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿಯಲ್ಲಿ ಎಲ್ಲಿ ಸೇತುವೆಯ ಬೆಸುಗೆ ಎದ್ದಿದೆ, ಎಲ್ಲಿ ರಸ್ತೆ ಕುಸಿದಿದೆ ಎಂಬುದು ನನ್ನ ಬೆನ್ನಿಗೆ ಬಾಯಿಪಾಠವಾಗಿದೆ. ಅವ್ವನಿಗೆ ಎಂಬತ್ತು ದಾಟಿದ ಮೇಲೆ, ಎರಡು ತಾಸಿಗೊಮ್ಮೆ ಮೈಚಾಚಲು ಅನುಕೂಲವಿಲ್ಲದೆ ಆಕೆಯನ್ನು ಊರಿಗೆ ಕರೆದೊಯ್ಯುವುದು ಆಗದ ಮಾತಾಯಿತು. ಹೀಗಾಗಿ ಹಾಸಿಗೆ, ಶೌಚಾಲಯ, ಒಂದು ಒಲೆ ಇರುವ ಮೋಟರ್‌ಹೋಮ್ ಮಾಡಿಸೋಣವೆಂಬ ಯೋಚನೆ ಮನೆಯಲ್ಲಿ ಹುಟ್ಟಿತು. ಸುದ್ದಿ ತಿಳಿದ ಊರಿನ ಗೆಳೆಯರೆಲ್ಲ ಒಳಗೆ ಏನೇನು ಹಾಕಿಸುತ್ತೀ ಎಂದೇ ಕೇಳುತ್ತಿದ್ದಾರೆ. ಅವರಿಗೆ ನಾನು ಹೇಳಬೇಕಾದದ್ದು ಒಳಗಿನ ವಿಷಯವಲ್ಲ, ಕೆಳಗಿನ ವಿಷಯ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಚೌಕಟ್ಟಾದ ಚಾಸಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ವ್ಯವಹಾರದ ಮಟ್ಟಿಗಾದರೂ ಚಾಸಿ ಇದ್ದಷ್ಟು ಕಾಲು ಚಾಚು ಎಂದು ತಿದ್ದಿಕೊಳ್ಳಬೇಕು.

ಗಾಡಿಗಳ ವಿಚಾರ ಕೇಳಿ ತಿಳಿಯುವುದಕ್ಕೆ ಪುಣೆಗಿಂತ ಒಳ್ಳೆಯ ಊರು ಸಿಗಲಾರದು. ಪಿಂಪ್ರಿಯಲ್ಲಿ ಟಾಟಾ ಮೋಟರ್ಸ್ ಕಾರ್ಖಾನೆಯಿದೆ, ಆಕುರ್ಡಿಯಲ್ಲಿ ಫೋರ್ಸ್ ಮೋಟರ್ಸ್ ಇದೆ. ಬೆಳಗಿನ ವಾಯುವಿಹಾರಕ್ಕೆ ಜನ ಹತ್ತುವ ವೇತಾಳ ಟೇಕಡಿ ಎಂಬ ಗುಡ್ಡದ ಒಂದು ಭಾಗಕ್ಕೆ ಎಆರ್‌ಎಐ ಟೇಕಡಿ ಎಂಬ ಹೆಸರೇ ಬಿದ್ದಿರುವುದು, 1966ರಲ್ಲಿ ಸ್ಥಾಪನೆಯಾದ ವಾಹನ ಸಂಶೋಧನಾ ಸಂಸ್ಥೆ ಅಲ್ಲಿರುವುದರಿಂದ. ಮೋಟರ್ ಕ್ಯಾರವಾನುಗಳಿಗೆಂದೇ, ಅಂದರೆ ಇಂಥ ಮನೆಗಾಡಿಗಳಿಗೆಂದೇ, ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ ಎಂಬುದನ್ನು ನಾನು ತಿಳಿದದ್ದು ಆ ಗುಡ್ಡದ ಮೇಲೆ ಸಿಗುವ ಒಬ್ಬ ನಿವೃತ್ತ ಎಂಜಿನಿಯರರಿಂದ. ಮನೆ ಕಟ್ಟುವವನು ಮೊದಲು ಮಣ್ಣು ನೋಡುತ್ತಾನೆ, ನೀವು ಮೊದಲು ಪರದೆಯ ಬಣ್ಣ ನೋಡುತ್ತಿದ್ದೀರಿ ಎಂದು ಅವರು ಛೇಡಿಸಿದ ಮೇಲೆಯೇ ನಾನು ಗಾಡಿಗಳ ಅಡಿಗೆ ಬಗ್ಗಿ ನೋಡಲು ಶುರುಮಾಡಿದ್ದು.

ಮೊದಲು ಕ್ಯಾಬಿನ್ ಮಾತು. ಸಾರಿಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರಿಗೆ ಹಂಪ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕುಳಿತವರು ತೂಗಿದರೆ, ಗಾಲಿಯಿಂದಾಚೆ ಕುಳಿತವರು ಎಗರುತ್ತಾರೆ. ಮೂತಿಯಿಲ್ಲದ ಚಪ್ಪಟೆ ಮುಖದ ಲಾರಿ ಚಾಸಿಯ ಮೇಲೆ ಮೋಟರ್‌ಹೋಮ್ ಕಟ್ಟಿಸಿದಾಗ ಚಾಲಕನ ಸೀಟು ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಅಚ್ಚಿನ ನೆತ್ತಿಗೆ, ಕೆಲವೊಮ್ಮೆ ಅದಕ್ಕಿಂತಲೂ ಮುಂದಕ್ಕೆ ಬರುವುದರಿಂದ, ಅವನು ದಿನವಿಡೀ ಆ ಕೊನೆಯ ಸೀಟಿನಲ್ಲಿ ಕುಳಿತಂತೆಯೇ ಲೆಕ್ಕ. ಮನೆಗೆ ಜಾಗ ಹೆಚ್ಚು ಸಿಗುತ್ತದೆ, ನಿಜ. ಆದರೆ ಮೂತಿ ಗಿಡ್ಡವಾದಷ್ಟೂ ಎಂಜಿನ್ನು ಕ್ಯಾಬಿನ್ನಿನ ಒಳಕ್ಕೆ ನುಗ್ಗುತ್ತದೆ. ಅದರ ಮುಚ್ಚಳದ ಉಬ್ಬು ಎರಡು ಸೀಟುಗಳ ನಡುವೆ ಕುಳಿತು, ಎಡಗಾಲಿಗೆ ವಿಶ್ರಾಂತಿಯ ಜಾಗವನ್ನೂ ಹಿಂದಿನ ಕೋಣೆಗೆ ದಾಟುವ ದಾರಿಯನ್ನೂ ಕಿತ್ತುಕೊಳ್ಳುತ್ತದೆ, ಮೇ ತಿಂಗಳಲ್ಲಿ ಮೊಣಕಾಲನ್ನು ಬೇಯಿಸುತ್ತದೆ.

ಇದು ನಮ್ಮ ದೇಶದ ತೊಂದರೆ ಮಾತ್ರವಲ್ಲ. ಅಮೆರಿಕದಲ್ಲಿ ಪೆಟ್ರೋಲ್ ಎಂಜಿನ್ನಿನ ದೊಡ್ಡ ಮೋಟರ್‌ಹೋಮುಗಳಿಗೆ ಬಹುವಾಗಿ ಬಳಕೆಯಾಗುವ ಫೋರ್ಡ್ ಎಫ್-53 ಚಾಸಿಯಲ್ಲಿಯೂ ಎಂಜಿನ್ನು ಮುಂದೆ ಚಾಲಕನ ಪಕ್ಕದಲ್ಲಿಯೇ ಗುಡುಗುತ್ತದೆ. ಅದರಿಂದ ಪಾರಾಗಲು ಹಣವುಳ್ಳವರು ಡೀಸೆಲ್ ಎಂಜಿನ್ನನ್ನು ಹಿಂಬದಿಯಲ್ಲಿಟ್ಟ, ರಸ್ತೆಯ ಏಟು ತಡೆಯುವ ಸಸ್ಪೆನ್ಷನ್ನಿಗೆ ಗಾಳಿಚೀಲಗಳಿರುವ ಚಾಸಿಗಳ ಮೊರೆಹೋಗುತ್ತಾರೆ. ಯುರೋಪಿನಲ್ಲಿ ಫಿಯಟ್ ಡುಕಾಟೊ ಪ್ರಚಲಿತ. ಮುಂದಿನ ಗಾಲಿಗಳೇ ಎಳೆಯುವ ಗಾಡಿಯಾದ್ದರಿಂದ ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಮೂಲ ಚೌಕಟ್ಟನ್ನು ಕಳಚಿ ಆಲ್‌ಕೊ ಕಂಪನಿಯ ತಗ್ಗು ಚೌಕಟ್ಟನ್ನು ಜೋಡಿಸಿದರೆ ಮನೆಯ ನೆಲವೇ ಕೆಳಗಿಳಿಯುತ್ತದೆ. ಜರ್ಮನಿಯಲ್ಲಿರುವ ನನ್ನ ಭಾವಮೈದುನ ಅದನ್ನೇ ತೋರಿಸಿ ಹೊಟ್ಟೆ ಉರಿಸುತ್ತಾನೆ. ನಮ್ಮ ಶೋರೂಮುಗಳಲ್ಲಿ ಅದು ಇಲ್ಲ.

ಇಲ್ಲಿ ನನ್ನ ಮುಂದಿದ್ದವು ಮೂರು. ಮೊದಲನೆಯದು ಊರಿನಲ್ಲಿ ನಾವು ಟಿಟಿ ಎಂದು ಕರೆಯುವ ಫೋರ್ಸ್ ಟ್ರಾವೆಲರ್. ಬಜಾಜ್ ಟೆಂಪೊ ಎಂಬ ಹೆಸರಿದ್ದಾಗ 1987ರಲ್ಲಿ ಬಂದ, ಮರ್ಸಿಡಿಸ್‌ನ ಹಳೆಯ ವ್ಯಾನೊಂದರ ವಂಶದ ಈ ಗಾಡಿಯನ್ನು ಸಾಂಗ್ಲಿಯಿಂದ ಶಿರಸಿಯವರೆಗೆ ಯಾವ ಗ್ಯಾರೇಜಿನವನಾದರೂ ಕಣ್ಣು ಮುಚ್ಚಿ ಬಿಚ್ಚಬಲ್ಲ. ಎರಡನೆಯದು ಅದೇ ಕಂಪನಿಯ ಅರ್ಬೇನಿಯಾ. ಇದರಲ್ಲಿ ಚೌಕಟ್ಟು ಬೇರೆ, ಒಡಲು ಬೇರೆ ಎಂಬುದಿಲ್ಲ. ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಕಟ್ಟುಬೀಳದೆ ಏರಿಳಿಯುವ ಸಸ್ಪೆನ್ಷನ್, ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್, ಜಾರುವಾಗ ಗಾಡಿಯನ್ನು ಹತೋಟಿಗೆ ತರುವ ಇಎಸ್‌ಪಿ ಇವೆ. ಮೂರನೆಯದು ಟಾಟಾ ವಿಂಗರ್, 2007ರಲ್ಲಿ ಬಂದದ್ದು, ಡುಕಾಟೊದಂತೆ ಮುಂದಿನ ಗಾಲಿಗಳ ಎಳೆತ, ಆದ್ದರಿಂದ ತಗ್ಗಿನ ನೆಲ. ಅವ್ವ ಹತ್ತಿ ಇಳಿಯುವುದಕ್ಕೆ ಮೂರರಲ್ಲಿ ಇದೇ ಹಿತವಾಗಿತ್ತು.

ಶೋರೂಮಿನವರು ಖಾಲಿ ಗಾಡಿಯಲ್ಲಿ ಎರಡು ಕಿಲೋಮೀಟರು ಸುತ್ತಿಸುವುದರಿಂದ ಏನೂ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ಮದುವೆಯ ನೆಪದಲ್ಲಿ. ನಿಪ್ಪಾಣಿಗೆ ಬೀಗರನ್ನು ಕರೆತರಲು ಬಾಡಿಗೆಯ ಟಿಟಿಯೊಂದರಲ್ಲಿ ಚಾಲಕನ ಪಕ್ಕ ಕುಳಿತು ಹೊರಟಾಗ, ಆರು ಲೇನಿನ ಕೆಲಸಕ್ಕಾಗಿ ಕರಾಡದ ಆಸುಪಾಸು ಅಗೆದಿಟ್ಟ ಬದಲಿ ರಸ್ತೆಗಳಲ್ಲಿ ಕೈಯಲ್ಲಿದ್ದ ಚಹಾದ ಲೋಟ ಅರ್ಧ ಅಂಗಿಯ ಪಾಲಾಯಿತು. ಮರಳುವಾಗ ಅದೇ ಗಾಡಿಯಲ್ಲಿ ಹದಿನಾಲ್ಕು ಜನ ಬೀಗರು, ಎರಡು ಚೀಲ ತೆಂಗಿನಕಾಯಿ, ಬುಂದೆ ಲಾಡುವಿನ ಡಬ್ಬಿಗಳು. ಅದೇ ಗುಂಡಿಗಳ ಮೇಲೆ ಗಾಡಿ ದೋಣಿಯಂತೆ ಬಂದಿತು. ನಮ್ಮ ಕಡೆ ಕಮಾನುಪಟ್ಟಿ ಎನ್ನುವ, ಇಲ್ಲಿಯವರು ಪಾಟಾ ಎನ್ನುವ ಆ ಸ್ಪ್ರಿಂಗುಗಳು ತುಂಬಿದ ಭಾರಕ್ಕೆ ಲೆಕ್ಕ ಹಾಕಿ ಮಾಡಿದವು, ಖಾಲಿ ಇದ್ದಾಗ ಅವು ಬಾಗುವುದೇ ಇಲ್ಲ. ಮೋಟರ್‌ಹೋಮ್ ಎಂದೂ ಖಾಲಿ ಇರದ ಗಾಡಿ. ಆದ್ದರಿಂದ ಪಾಟಾ ಎಂದೊಡನೆ ಮೂಗು ಮುರಿಯುವವರು ಅವಸರ ಮಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ; ಭಾರ ಹೇರಿ ಓಡಿಸಿ ನೋಡಿದ ಮೇಲೆ ತೀರ್ಪು ಕೊಡಬೇಕು.

ಆದರೆ ಭಾರವನ್ನು ಎಲ್ಲಿ ಹೇರಿದೆವು ಎಂಬುದು ಎಷ್ಟು ಹೇರಿದೆವು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಇಲ್ಲಿಯ ನನ್ನ ಹುಬ್ಬಳ್ಳಿಯ ಗೆಳೆಯನೊಬ್ಬ ವ್ಯಾನೊಂದನ್ನು ಬಾಡಿ ಕಟ್ಟುವ ಒಂದು ಚಿಕ್ಕ ಶೆಡ್ಡಿಗೆ ಕೊಟ್ಟು ಮೋಟರ್‌ಹೋಮ್ ಮಾಡಿಸಿದ್ದ. ಅವರು ನೀರಿನ ಟಾಕಿ, ಬ್ಯಾಟರಿಗಳು, ಜನರೇಟರ್ ಎಲ್ಲವನ್ನೂ ಹಿಂದಿನ ಅಚ್ಚಿನಿಂದಾಚೆ, ಬಾಗಿಲ ಬುಡದಲ್ಲಿ ಒಟ್ಟಿದ್ದರು. ಪೈಪು ಎಳೆಯುವುದು ಅಲ್ಲಿ ಸುಲಭವಂತೆ. ಜನವರಿಯಲ್ಲಿ ಅವನೊಡನೆ ಹೊರಟಾಗ ಕಾತ್ರಜ್ ದಾಟುವವರೆಗೆ ಏನೂ ಅನ್ನಿಸಲಿಲ್ಲ. ಮುಂದೆ ವೋಲ್ವೊ ಬಸ್ಸೊಂದು ಬಲಗಡೆಯಿಂದ ದಾಟಿಹೋದಾಗ, ಅದರ ಗಾಳಿ ಮೊದಲು ನಮ್ಮನ್ನು ಎಡಕ್ಕೆ ತಳ್ಳಿ ಆಮೇಲೆ ಬಲಕ್ಕೆ ಸೆಳೆಯಿತು, ಗೆಳೆಯ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಸರಿಪಡಿಸಿಕೊಂಡ. ಖಂಬಾಟಕಿ ಘಾಟ್ ಹತ್ತುವ ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿಯ ಮೂತಿ ಒಂದು ಕ್ಷಣ ತಡೆದು, ಆಮೇಲೆ ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಅವನ ಹೆಂಡತಿ ಹಿಂದೆ ಮಲಗಿದ್ದವಳು ಎದ್ದು ಕುಳಿತಳು.

ಮರಳುವಾಗ ಶಿರವಳದ ಬಳಿಯ ಒಂದು ವಜನ್ ಕಾಟಾದಲ್ಲಿ ಮೊದಲು ಮುಂದಿನ ಗಾಲಿಗಳನ್ನು, ಬಳಿಕ ಹಿಂದಿನವನ್ನು ಬೇರೆಬೇರೆಯಾಗಿ ತೂಗಿಸಿದೆವು. ತಕ್ಕಡಿಯ ಲೆಕ್ಕವೇ ಇದು. ಅಚ್ಚುಗಳ ನಡುವಿನ ಅಂತರ 3.35 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ 300 ಕಿಲೋ ಇಟ್ಟರೆ ಮುಂದಿನ ಗಾಲಿಗಳ ಮೇಲಿಂದ ಸುಮಾರು 107 ಕಿಲೋ ಎದ್ದುಹೋಗುತ್ತದೆ, ಹಿಂದಿನ ಗಾಲಿಗಳ ಮೇಲೆ 300 ಅಲ್ಲ, 407 ಕೂರುತ್ತದೆ. ತಿರುವಿನಲ್ಲಿ ನೆಲ ಕಚ್ಚಬೇಕಾದ ಗಾಲಿಗಳೇ ಹಗುರಾದರೆ ಯಾವ ಸಸ್ಪೆನ್ಷನ್ ಏನು ಮಾಡೀತು? ಹಿಂದಿನ ಚಾಚು, ಅಂದರೆ ಹಿಂದಿನ ಅಚ್ಚಿನಿಂದಾಚೆ ಚಾಚಿಕೊಂಡ ಒಡಲಿನ ಉದ್ದ, ಅಚ್ಚುಗಳ ಅಂತರದ ಶೇಕಡಾ 60ನ್ನು ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆ ಮಿತಿಯೊಳಗೇ ಇದ್ದ ಗಾಡಿಯ ಕಥೆ ಇದು. ಎರಡು ವಾರಗಳ ನಂತರ ಬೇರೊಬ್ಬ ಮಿಸ್ತ್ರಿಯಿಂದ ಟಾಕಿಯನ್ನೂ ಬ್ಯಾಟರಿಗಳನ್ನೂ ಎರಡು ಅಚ್ಚುಗಳ ನಡುವೆ ನೆಲದಡಿಗೆ ತರಿಸಿದ ಮೇಲೆ ಅದೇ ಗಾಡಿ ಬೇರೆ ಗಾಡಿಯಂತಾಯಿತು.

ಈ ಪ್ರಸಂಗ ನನ್ನ ಪಟ್ಟಿಯಿಂದ ವಿಂಗರನ್ನು ಹೊರಗಿಟ್ಟಿತು. ಗಾಡಿಯದು ತಪ್ಪಿಲ್ಲ, ಮುಂದಿನ ಗಾಲಿಗಳು ತಿರುಗುವುದರ ಜೊತೆಗೆ ಎಳೆಯುವ ಕೆಲಸವನ್ನೂ ಮಾಡುವಾಗ, ಏರಿನಲ್ಲಿ ಸಹಜವಾಗಿಯೇ ಹಿಂದಕ್ಕೆ ಸರಿಯುವ ಭಾರಕ್ಕೆ ಮನೆಯ ಭಾರವೂ ಸೇರಿದರೆ, ಜುಲೈ ಮಳೆಯಲ್ಲಿ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗಿ, ಮತ್ತೆ ಅದನ್ನೇ ಹತ್ತಿ ಬರುವ ಚಪಲವಿರುವ ನನ್ನಂಥವನಿಗೆ ಅದು ಹೊಂದುವುದಿಲ್ಲ. ಇನ್ನುಳಿದ ಎರಡರಲ್ಲಿ ಬುದ್ಧಿ ಟ್ರಾವೆಲರ್ ಎಂದಿತು, ಬೆನ್ನು ಅರ್ಬೇನಿಯಾ ಎಂದಿತು. ಒಡಲೇ ಚೌಕಟ್ಟಾಗಿರುವ ಗಾಡಿಯಲ್ಲಿ ಗೋಡೆಗಳನ್ನು ಕಡಿದು ಅಗಲ ಮಾಡುವಂತಿಲ್ಲ, ಬಾಗಿದ ಗೋಡೆಗೆ ಕಪಾಟು ಕೂರಿಸುವುದು ಬಡಗಿಗೆ ತಲೆನೋವು, ಬೆಲೆಯೂ ಹೆಚ್ಚು. ಆದರೂ ಕಾತ್ರಜದ ಹೊಸ ಸುರಂಗ ಬಿಟ್ಟು ನವಲೆ ಸೇತುವೆಯತ್ತ ಇಳಿಯುವ ಆ ಉದ್ದನೆಯ ಇಳಿಜಾರಿನಲ್ಲಿ, ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಜಾರುವ ಲಾರಿಗಳು ಬ್ರೇಕ್ ಹಿಡಿಯದೆ ಎಷ್ಟು ಸಲ ಮುಂದಿನವರ ಮೇಲೆ ಬಿದ್ದಿವೆಯೆಂಬುದನ್ನು ಕಂಡವನಿಗೆ, ತುಂಬಿದ ಮನೆಯನ್ನು ಇಳಿಸುವಾಗ ನಾಲ್ಕು ಡಿಸ್ಕ್ ಬ್ರೇಕುಗಳ ಬೆಲೆ ದುಬಾರಿ ಎನ್ನಿಸಲಿಲ್ಲ. ನಡುವಿನ ಅಳತೆಯದ್ದನ್ನು, ಅಂದರೆ ಅಚ್ಚುಗಳ ಅಂತರ 3,615 ಮಿಲಿಮೀಟರ್ ಇರುವುದನ್ನು ಗೊತ್ತುಮಾಡಿದೆ.

ಬಾಡಿ ಕಟ್ಟುವವನು ನಕ್ಷೆ ತಂದಿದ್ದಾನೆ. ನೂರು ಲೀಟರಿನ ನೀರಿನ ಟಾಕಿ ಅಚ್ಚುಗಳ ನಡುವೆ, ಬ್ಯಾಟರಿ ಚಾಲಕನ ಸೀಟಿನ ಹಿಂದೆ, ಛಾವಣಿಯ ಮೇಲೆ ಸೌರಫಲಕ ಬಿಟ್ಟು ಬೇರೇನೂ ಇಲ್ಲ. ಅವ್ವನ ಹಾಸಿಗೆಯ ತಲೆಯ ಭಾಗವನ್ನು ಹಿಂದಿನ ಅಚ್ಚಿನಿಂದ ಮುಂದಕ್ಕೆ ತರಿಸಿದ್ದೇನೆ. ಕಪಾಟುಗಳನ್ನು ಹಗುರಾದ ಪ್ಲೈವುಡ್ಡಿನಲ್ಲಿ ಮಾಡಲು ಹೇಳಿದ್ದೇನೆ, ಅವನು ತೇಗವೇ ಬೇಕೆಂದು ಹಟ ಹಿಡಿದಿದ್ದಾನೆ. ಒಲೆ ಎಲ್ಲಿ ಕೂರಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.