ಫೋಟೋದ ನಡುವೆ ಕೂತಿರೋದು ಯಾರು?

ನಾನು ಬರೆಯೋಕೆ ಕೂರುವ ಮೇಜಿನ ಎದುರು, ಗೋಡೆಗೆ ಒಂದು ಕಪ್ಪು-ಬಿಳುಪು ಫೋಟೋ ಅಂಟಿಸಿದ್ದೇನೆ. 1942ರದ್ದು, ಲಂಡನ್ನಿನ ಬಿಬಿಸಿಯದ್ದು. ಭಾರತದ ಕೇಳುಗರಿಗಾಗಿ ಆಗ ‘ವಾಯ್ಸ್’ ಅನ್ನುವ ಸಾಹಿತ್ಯದ ಕಾರ್ಯಕ್ರಮ ಬರುತ್ತಿತ್ತು. ಅದಕ್ಕೆ ಸೇರಿದವರು ಕೆಲವರು ಸಾಲಾಗಿ ಕೂತಿದ್ದಾರೆ, ಕೆಲವರು ಹಿಂದೆ ನಿಂತಿದ್ದಾರೆ. ಮನೆಗೆ ಬಂದವರು ಹಿಂದೆ ನಿಂತ ಸಣಕಲು ಆಳನ್ನು ನೋಡಿ ‘ಜಾರ್ಜ್ ಆರ್ವೆಲ್ ಅಲ್ವಾ?’ ಅನ್ನುತ್ತಾರೆ. ಕವಿ ಟಿ. ಎಸ್. ಎಲಿಯಟ್ ಕೂಡ ಗುರುತು ಸಿಗುತ್ತಾರೆ. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಇದ್ದಾರೆ. ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದ ನಾರಾಯಣ ಮೆನನ್ ಇದ್ದಾರೆ. ಆಮೇಲೆ ಬೆರಳು ಎಲಿಯಟ್ ಮತ್ತು ಆನಂದ್ ಮಧ್ಯೆ ಕೂತ ಹೆಂಗಸಿನ ಹತ್ತಿರ ಬಂದು ನಿಲ್ಲುತ್ತದೆ.

‘ಇವರು ಯಾರು?’

‘ಸ್ಟೆನೋ’ ಅಂತೀನಿ ನಾನು. ಕೇಳಿದವರು ‘ಓ, ಆಫೀಸಿನವರಾ’ ಅಂದು ಸುಮ್ಮನಾಗುತ್ತಾರೆ. ಆಗ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಮಿಕ್ಕಿದ್ದು ಹೇಳಬೇಕಾಗುತ್ತದೆ.

ಆಕೆ ಯೂನಾ ಮಾರ್ಸನ್. ಕೆರಿಬಿಯನ್ ದ್ವೀಪ ಜಮೈಕಾದ ನಾಟಕಕಾರ್ತಿ, ಕವಿ, ರೇಡಿಯೋದವರು. ಹುಟ್ಟಿದ್ದು 1905ರಲ್ಲಿ, ಸೇಂಟ್ ಎಲಿಜಬೆತ್ ಅನ್ನುವ ಹಳ್ಳಿಗಾಡಿನ ಸೀಮೆಯಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಆಕೆ ಇನ್ನೂ ಹುಡುಗಿ ಆಗಿದ್ದಾಗಲೇ ತೀರಿಕೊಂಡರು. ಓದು ಮುಗಿಸಿದ ಹುಡುಗಿ ಕಿಂಗ್‌ಸ್ಟನ್ ಪಟ್ಟಣಕ್ಕೆ ಬಂದು ಹೊಟ್ಟೆಪಾಡಿಗೆ ಹಿಡಿದ ದಾರಿ ಶಾರ್ಟ್‌ಹ್ಯಾಂಡ್ ಮತ್ತು ಟೈಪಿಂಗ್. ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ. ಆದರೆ 1928ರಲ್ಲೇ, 23ನೇ ವಯಸ್ಸಿಗೆ, ‘ದಿ ಕಾಸ್ಮೋಪಾಲಿಟನ್’ ಅನ್ನುವ ಸ್ವಂತ ಪತ್ರಿಕೆ ಶುರು ಮಾಡಿದರು. ಜಮೈಕಾದಲ್ಲಿ ಪತ್ರಿಕೆ ನಡೆಸಿದ ಮೊದಲ ಹೆಂಗಸು ಆಕೆ. ಆ ಪತ್ರಿಕೆಗೆ ಸ್ಟೆನೋಗಳ ಸಂಘದ ನಂಟೂ ಇತ್ತು.

ನಿಜ ಹೇಳಬೇಕಂದ್ರೆ, ಆಕೆಯ ಮೊದಮೊದಲ ಕವಿತೆಗಳು ನನಗೆ ಅಷ್ಟು ಹಿಡಿಸುವುದಿಲ್ಲ. ಇಂಗ್ಲಿಷ್ ಪಠ್ಯಪುಸ್ತಕದ ವಾಸನೆ ಜಾಸ್ತಿ. ಆದರೆ 1930ರ ಮೊದಲ ಸಂಕಲನದಲ್ಲೇ ಒಂದು ತುಂಟತನ ಇದೆ. ಹ್ಯಾಮ್ಲೆಟ್‌ನ ‘ಇರುವುದೋ ಇಲ್ಲವಾಗುವುದೋ’ ಅನ್ನುವ ಮಾತನ್ನು ಎತ್ತಿಕೊಂಡು ‘ಮದುವೆಯಾಗುವುದೋ ಬೇಡವೋ’ ಅಂತ ತಿರುಗಿಸಿಬಿಟ್ಟಿದ್ದಾರೆ.

ಆಕೆಯ ಮೊದಲ ನಾಟಕ ‘ಅಟ್ ವಾಟ್ ಎ ಪ್ರೈಸ್’. ಹಳ್ಳಿ ಬಿಟ್ಟು ಕಿಂಗ್‌ಸ್ಟನ್‌ಗೆ ಬರುವ ಹುಡುಗಿಯ ಕತೆ. ಅವಳೂ ಸ್ಟೆನೋನೇ! ಬಿಳಿಯ ಬಾಸ್‌ನ ಮಾತಿಗೆ ಮರುಳಾಗಿ ಬಸುರಿಯಾಗುತ್ತಾಳೆ. ಆಫೀಸಿನಲ್ಲಿ ಟೈಪ್ ಮಾಡುತ್ತಾ ಕೂತಿದ್ದವರು ಅದೇ ಆಫೀಸನ್ನು ರಂಗದ ಮೇಲೆ ತಂದಿಟ್ಟರು. 1932ರಲ್ಲಿ ಕಿಂಗ್‌ಸ್ಟನ್ನಿನ ವಾರ್ಡ್ ಥಿಯೇಟರ್‌ನಲ್ಲಿ ನಾಟಕ ಗೆದ್ದಿತು. ಅದೇ ವರ್ಷ ಆಕೆ ಲಂಡನ್‌ಗೆ ಹೊರಟರು.

ಅಲ್ಲಿ ಕಾದಿದ್ದೇ ಬೇರೆ. ಟೈಪಿಂಗ್ ಗೊತ್ತು, ಶಾರ್ಟ್‌ಹ್ಯಾಂಡ್ ಗೊತ್ತು, ಅನುಭವ ಇದೆ. ಆದರೂ ಕೆಲಸ ಕೊಡಿಸುವ ಏಜೆನ್ಸಿಯವರು ಹೆಸರು ಬರೆದುಕೊಳ್ಳಲಿಲ್ಲ. ಬಿಳಿ ಹುಡುಗಿಯರ ಪಕ್ಕ ಕೂರಿಸೋದು ಹೇಗೆ ಅನ್ನೋದು ಅವರ ಚಿಂತೆ. ಕೊನೆಗೆ ಪೆಕಮ್‌ನಲ್ಲಿ ಜಮೈಕಾದವರೇ ಆದ ಡಾಕ್ಟರ್ ಹೆರಾಲ್ಡ್ ಮೂಡಿಯವರ ಮನೆಯಲ್ಲಿ ಜಾಗ ಸಿಕ್ಕಿತು. ಅವರು 1931ರಲ್ಲಿ ಬಿಳಿಯರಲ್ಲದವರ ಹಕ್ಕಿಗಾಗಿ ‘ಲೀಗ್ ಆಫ್ ಕಲರ್ಡ್ ಪೀಪಲ್ಸ್’ ಅನ್ನುವ ಸಂಘ ಕಟ್ಟಿದ್ದರು. ಯೂನಾ ಅದರ ಕೆಲಸಕ್ಕೆ ಸೇರಿದರು, ಅದರ ಪತ್ರಿಕೆಯನ್ನೂ ನೋಡಿಕೊಂಡರು. 1934ರ ಜನವರಿಯಲ್ಲಿ ಅದೇ ನಾಟಕ ಲಂಡನ್ನಿನ ಸ್ಕಾಲಾ ಥಿಯೇಟರ್ ಹತ್ತಿತು. ಬಣ್ಣ ಹಚ್ಚಿದವರು ಲೀಗಿನ ಸದಸ್ಯರೇ.

ಮುಂದೆ 1936ರಲ್ಲಿ ಆಕೆ ಯಾರ ಹತ್ತಿರ ಸೆಕ್ರೆಟರಿ ಆಗಿದ್ದರು ಗೊತ್ತಾ? ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಹತ್ತಿರ. ಮುಸೊಲಿನಿಯ ಸೈನ್ಯ ನುಗ್ಗಿ ಅವರು ದೇಶ ಬಿಟ್ಟಿದ್ದ ಕಾಲ. ಜಿನೀವಾದಲ್ಲಿ ರಾಷ್ಟ್ರಸಂಘದ ಮುಂದೆ ಅವರು ನ್ಯಾಯ ಕೇಳಲು ಹೋದಾಗ ಜೊತೆಗೆ ಹೋದವರಲ್ಲಿ ಈಕೆಯೂ ಒಬ್ಬರು. ನ್ಯಾಯ ಸಿಗಲಿಲ್ಲ. ಯೂನಾ ಸೋತು ಸುಣ್ಣವಾಗಿ ಊರಿಗೆ ಮರಳಿದರು.

ಊರಲ್ಲಿ ಬರೆದ ‘ಪೋಕೋಮೇನಿಯಾ’ ನಾಟಕ ನನಗೆ ಎಲ್ಲಕ್ಕಿಂತ ಇಷ್ಟ. ಪೋಕೋಮೇನಿಯಾ ಅಂದರೆ ಜಮೈಕಾದ ಬಡವರು ಡೋಲು ಬಾರಿಸಿ, ಮೈಮೇಲೆ ದೇವರು ಬರಿಸಿಕೊಂಡು ಮಾಡುವ ಆರಾಧನೆ. ಒಳ್ಳೆ ಮನೆತನದ ಒಬ್ಬ ಹುಡುಗಿಗೆ ಆ ಡೋಲಿನ ಸೆಳೆತ ಬಿಡುವುದೇ ಇಲ್ಲ. ನಾಲ್ಕು ಜನ ಮೂಗು ಮುರಿಯುತ್ತಿದ್ದ ಆ ಡೋಲು ಮತ್ತು ಆಡುಮಾತು, ಎರಡೂ 1938ರಲ್ಲಿ ವಾರ್ಡ್ ಥಿಯೇಟರ್‌ನ ರಂಗದ ಮೇಲೆ ಬಂದವು. ಪಾದ್ರಿಯ ಮಗಳೇ ತಂದರು ಅನ್ನೋದು ಇನ್ನೂ ಚೆಂದ.

ಅದೇ ವರ್ಷ ಮತ್ತೆ ಲಂಡನ್. ಆಮೇಲೆ ಎರಡನೇ ಮಹಾಯುದ್ಧ ಶುರುವಾಯಿತು. 1941ರಲ್ಲಿ ಬಿಬಿಸಿ ಆಕೆಯನ್ನು ಪೂರ್ಣಾವಧಿ ಕೆಲಸಕ್ಕೆ ತೆಗೆದುಕೊಂಡಿತು. ಅಲ್ಲಿ ಕಾರ್ಯಕ್ರಮ ರೂಪಿಸುವ ಕೆಲಸಕ್ಕೆ ಬಂದ ಮೊದಲ ಕಪ್ಪು ಮಹಿಳೆ. ಕಾರ್ಯಕ್ರಮದ ಹೆಸರು ‘ಕಾಲಿಂಗ್ ದಿ ವೆಸ್ಟ್ ಇಂಡೀಸ್’. ಬ್ರಿಟನ್ನಿನಲ್ಲಿ ಯುದ್ಧದ ಕೆಲಸದಲ್ಲಿದ್ದ ಕೆರಿಬಿಯನ್ ಹುಡುಗರು ಮೈಕಿನ ಮುಂದೆ ನಿಂತು ಮನೆಯವರಿಗೆ ನಾಲ್ಕು ಮಾತು ಹೇಳುವುದು. ಅಷ್ಟೇ. ಆದರೆ ಸಮುದ್ರದಾಚೆ ಇರುವ ಅಮ್ಮನಿಗೆ ಮಗನ ದನಿ! ಕಾಗದ ಬಂದ ಹಾಗಲ್ಲವಲ್ಲ ಅದು.

1943ರ ಒಂದು ಕಿರುಚಿತ್ರದಲ್ಲಿ ಈ ಕಾರ್ಯಕ್ರಮದ ವಾತಾವರಣವನ್ನು ಇವತ್ತಿಗೂ ನೋಡಬಹುದು. ಯೂನಾ ಮೈಕಿನ ಮುಂದೆ ನಿಂತು ಒಬ್ಬೊಬ್ಬರನ್ನೇ ಪರಿಚಯಿಸುತ್ತಾರೆ. ಅವರಲ್ಲಿ ಟ್ರಿನಿಡಾಡಿನ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಒಬ್ಬರು. ಕ್ರಿಕೆಟ್ ಹುಚ್ಚಿನ ನನ್ನ ಗೆಳೆಯರು ಇಲ್ಲಿಗೆ ಬಂದಾಗಲೇ ಕಿವಿ ನೆಟ್ಟಗೆ ಮಾಡೋದು.

ಆ 1943ರಲ್ಲೇ ಯೂನಾ ಅದೇ ಕಾರ್ಯಕ್ರಮದ ಸಮಯದೊಳಗೆ ಒಂದಿಷ್ಟು ಜಾಗ ಮಾಡಿಕೊಂಡು ಕೆರಿಬಿಯನ್ ಕವಿತೆ, ಕತೆ ಓದಿಸತೊಡಗಿದರು. ಹೆಸರು ‘ಕೆರಿಬಿಯನ್ ವಾಯ್ಸಸ್’. ಆ ದ್ವೀಪಗಳಲ್ಲಿ ಆಗ ಬರೆಯುವವರಿಗೆ ಪ್ರಕಾಶಕರು ಎಲ್ಲಿದ್ದರು? ಬರೆದದ್ದನ್ನು ಲಂಡನ್‌ಗೆ ಅಂಚೆಗೆ ಹಾಕಿ, ಅದು ರೇಡಿಯೋದಲ್ಲಿ ವಾಪಸ್ ಬರುವುದನ್ನು ಕೇಳುತ್ತಿದ್ದರು. ಡೆರೆಕ್ ವಾಲ್ಕಾಟ್, ಸ್ಯಾಮ್ ಸೆಲ್ವನ್, ಜಾರ್ಜ್ ಲ್ಯಾಮಿಂಗ್ ಎಲ್ಲರೂ ಮುಂದೆ ಈ ಬಾಗಿಲಿನಿಂದ ಬಂದವರೇ. ನೈಪಾಲ್ ಅಂತೂ ಕೆಲವು ವರ್ಷ ಅದರ ಸಂಪಾದಕರೇ ಆಗಿದ್ದರು. ಕಾರ್ಯಕ್ರಮ 1958ರವರೆಗೆ ನಡೆಯಿತು. ಅದರ ಬಗ್ಗೆ ಬರೆಯುವವರು 1946ರಲ್ಲಿ ಅದನ್ನು ವಹಿಸಿಕೊಂಡ ಹೆನ್ರಿ ಸ್ವಾನ್ಜಿಯವರನ್ನು ಹೊಗಳುತ್ತಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಬೀಜ ಹಾಕಿದವರ ಹೆಸರು ಒಂದು ಸಾಲಲ್ಲಿ ಮುಗಿದುಹೋಗುವುದು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನಾನೇನು ಸಾಚಾ ಅಲ್ಲ. ಈ ಫೋಟೋ ಮೊದಲು ನೋಡಿದಾಗ ನಾನೂ ಆರ್ವೆಲ್‌ರನ್ನೇ ಹುಡುಕಿದ್ದು.

‘ಆಮೇಲೆ?’ ಅಂತ ಕೇಳುತ್ತಾರೆ. ಆಮೇಲಿನದು ಹೇಳೋಕೆ ಮನಸ್ಸಾಗಲ್ಲ. ಬಿಬಿಸಿಯ ಕೆಲಸ ಮುಗಿಯುವ ಹೊತ್ತಿಗೆ ಮನಸ್ಸು, ಮೈ ಎರಡೂ ಕುಸಿದಿದ್ದವು. ಜಮೈಕಾಕ್ಕೆ ವಾಪಸಾದರು. ಅಮೆರಿಕದಲ್ಲಿ ಕೆಲವು ವರ್ಷ ಇದ್ದರು, ಅಲ್ಲಿ ಆದ ಮದುವೆ ನಿಲ್ಲಲಿಲ್ಲ. 1965ರ ಮೇ ತಿಂಗಳಲ್ಲಿ ಕಿಂಗ್‌ಸ್ಟನ್‌ನಲ್ಲಿ ತೀರಿಕೊಂಡರು. ಅರವತ್ತು ವರ್ಷ.

ಕಾಫಿ ಲೋಟ ಕೆಳಗಿಟ್ಟು ಕೆಲವರು ‘ಆ ಡೋಲಿನ ನಾಟಕ ಓದೋಕೆ ಸಿಗುತ್ತಾ?’ ಅನ್ನುತ್ತಾರೆ. ಈಗ ಸಿಗುತ್ತದೆ. ಜಮೈಕಾದ ಒಂದು ಪ್ರಕಾಶನದವರು 2016ರಲ್ಲಿ ಅದನ್ನು ಪುಸ್ತಕ ಮಾಡಿದರು, ಆಡಿದ 78 ವರ್ಷಕ್ಕೆ.