ತುಳಸಿಕಟ್ಟೆಯ ಸುತ್ತಲಿನ ಕಲ್ಲು

ಕಳೆದ ಕಾರ್ತಿಕದಲ್ಲಿ ತುಳಸಿ ಪೂಜೆಗೆಂದು ಸೋದರಮಾವನ ಮನೆಗೆ ಹೋಗಿದ್ದೆ. ಶಿವಮೊಗ್ಗದಿಂದ ಹೊನ್ನಾಳಿ ರಸ್ತೆಯಲ್ಲಿ ಹೊಳಲೂರಿನ ಆಚೆ ಒಳದಾರಿ ಹಿಡಿದರೆ ಸಿಗುವ ಊರು. ಮುಂದೆ ಭದ್ರಾ ನಾಲೆಯ ನೀರು ಕುಡಿದ ಅಡಿಕೆ ತೋಟ, ಹಿಂದೆ ಬೋಳು ಗುಡ್ಡ. ಪೂಜೆಯ ಮಾರನೇ ದಿನ ಬೆಳಿಗ್ಗೆ ಅತ್ತೆ ಕೊಟ್ಟ ಕಾಫಿ ಹಿಡಿದು ಅಂಗಳಕ್ಕೆ ಬಂದೆ. ತುಳಸಿಕಟ್ಟೆಗೆ ಬಳಿದಿದ್ದ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ಕಟ್ಟೆಯ ಸುತ್ತ ಅಂಚು ಕಟ್ಟಿದ್ದ ಕಲ್ಲುಗಳ ಮೇಲೆ ಕಣ್ಣು ಬಿದ್ದದ್ದೇ ತಡ, ಕಾಫಿ ಮರೆತೆ.

ಎಲ್ಲವೂ ಒಂದೇ ದಪ್ಪದ, ಕಬ್ಬಿನ ಜಲ್ಲೆ ಕಡಿದಿಟ್ಟಂಥ ಉರುಟು ಕಲ್ಲುಗಳು. ಹೊಳೆಯಲ್ಲಿ ಉರುಳಿ ಬಂದ ಕಲ್ಲು ಹೀಗಿರುವುದಿಲ್ಲ, ಶಿಲ್ಪಿಯೂ ಹೀಗೆ ಕಡೆಯುವುದಿಲ್ಲ. ಅವು ಡ್ರಿಲ್ ಕೋರ್‌ಗಳು, ನೆಲ ಕೊರೆದು ಆಳದಿಂದ ಎತ್ತಿದ ಕಲ್ಲಿನ ಕಂಬದ ತುಂಡುಗಳು. ಶಂಕರಘಟ್ಟದಲ್ಲಿ ಭೂವಿಜ್ಞಾನ ಓದಿ, ರಾಯಚೂರು ಕಡೆ ನಾಲ್ಕು ವರ್ಷ ಇಂಥವೇ ಕಲ್ಲುಗಳನ್ನು ಒದ್ದೆ ಮಾಡಿ, ಲೆನ್ಸ್ ಹಿಡಿದು, ಮೀಟರ್ ಮೀಟರ್ ಲೆಕ್ಕದಲ್ಲಿ ಬರೆದಿಟ್ಟವಳು ನಾನು. ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗುತ್ತದೆ.

"ಮಾವ, ಇವೆಲ್ಲಿ ಸಿಕ್ಕಿದ್ವು?"

"ಅದಾ? ಆ ಕಂಪನಿಯೋರು ಬಿಟ್ಟೋದ ಕಲ್ಲು ಕಣವ್ವ. ಗುಡ್ಡದ ಮೇಲೆ ಮಿಶನ್ ಹಾಕಿದ್ರಲ್ಲ, ಹದಿನೈದು ಹದಿನಾರು ವರ್ಷ ಆಯ್ತು. ನಾನೇ ರಾತ್ರಿ ಕಾವಲಿಗಿದ್ದೆ. ಆಮೇಲೆ ಒಂದಿನ ಎಲ್ಲ ಕಟ್ಕೊಂಡು ಹೋದ್ರು. ಶೆಡ್ಡು ಮಳೆಗೆ ಬಿತ್ತು, ಪೆಟ್ಟಿಗೆಗೆ ಗೆದ್ದಲು ಹತ್ತಿತು. ಕಲ್ಲು ಚೆನ್ನಾಗಿ ಗುಂಡಗಿದಾವೆ ಅಂತ ನಿಮ್ಮತ್ತೆ ತಂದು ಜೋಡಿಸಿದ್ಲು."

ಊರಲ್ಲಿ ಹಲವರು ತಂದಿದ್ದಾರಂತೆ. ಒಬ್ಬರ ಮನೆಯಲ್ಲಿ ಬಚ್ಚಲ ಮೆಟ್ಟಿಲಿಗೆ ಸೇರಿವೆ, ಇನ್ನೊಬ್ಬರು ಎಮ್ಮೆ ಕಟ್ಟುವ ಗೂಟದ ಬುಡಕ್ಕೆ ಜಡಿದಿದ್ದಾರೆ. ಆ ಕಂಪನಿ ಯಾವುದೆಂಬುದು ಇಲ್ಲಿ ಬೇಡ. ಆದರೆ ಅಷ್ಟು ಹಣ, ಅಷ್ಟು ಡೀಸೆಲ್, ಅಷ್ಟು ಜನರ ಬೆವರು ಸುರಿದು ನೆಲದ ಆಳದಿಂದ ಎತ್ತಿದ ಕಲ್ಲನ್ನು ಒಂದು ತಗಡಿನ ಶೆಡ್ಡಿನಲ್ಲಿ ಮಳೆಗೆ ಬಿಟ್ಟು ಹೋದದ್ದು ನನಗೆ ಈಗಲೂ ಸಂಕಟ ತರುತ್ತದೆ. ಬೋರ್‌ವೆಲ್ ಲಾರಿ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಊದಿಬಿಡುತ್ತದೆ, ಅವರಿಗೆ ತೂತು ಸಿಕ್ಕರೆ ಸಾಕು. ಖನಿಜ ಹುಡುಕುವವರು ಕೊರೆಯುವುದು ತೂತಿನೊಳಗಿನ ಕಲ್ಲಿಗಾಗಿ. ವಜ್ರದ ಹರಳು ಕೂರಿಸಿದ ಉಂಗುರ ತಿರುಗುತ್ತಾ ಇಳಿಯುತ್ತದೆ, ನಡುವೆ ಉಳಿದ ಕಂಬವನ್ನು ಕೊಳವೆ ಹಿಡಿದು ಮೇಲೆ ತರುತ್ತದೆ. ಬಂದದ್ದನ್ನು ಬಂದ ಕ್ರಮದಲ್ಲೇ ಮರದ ಪೆಟ್ಟಿಗೆಯ ಸಾಲುಗಳಲ್ಲಿ ಮಲಗಿಸಿ, ಪ್ರತಿ ಸಲದ ಕೊನೆಗೂ ಆಳ ಬರೆದ ಮರದ ತುಂಡೊಂದನ್ನು ಇಡುತ್ತಾರೆ. ಕ್ರಮ ತಪ್ಪಿತೋ, ಅದು ಬರೀ ಕಲ್ಲು.

ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಅತ್ತೆಗೆ ಗಾಬರಿ, "ನಿನ್ನೆ ತಾನೇ ಪೂಜೆ ಆಗಿದೆ, ಕೀಳಬಹುದೇನೇ?" ಎಂದರು. ಮಾವ, "ತುಳಸಿ ಗಿಡ ಅಲ್ಲಾಡಿಸಲ್ಲ ಬಿಡು, ಹುಡುಗಿ ನೋಡ್ಲಿ" ಎಂದು ಒಪ್ಪಿಸಿದರು.

ಎಣಿಸಿದಾಗ ಅರವತ್ನಾಲ್ಕು ತುಂಡು. ಕೊಡದ ನೀರು ಸುರಿದು ತೆಂಗಿನ ನಾರಿನಿಂದ ಉಜ್ಜಿದಂತೆ ಕೆಮ್ಮಣ್ಣು ಬಿಟ್ಟು ಒಳಗಿನ ಬಣ್ಣ ಎದ್ದಿತು. ಹೆಚ್ಚಿನವು ಹಸಿರು ಛಾಯೆಯ ಕಪ್ಪು, ಮುಟ್ಟಿದರೆ ಸಾಬೂನಿನಂತೆ ನುಣುಪು. ಇದು ಕ್ಲೋರೈಟ್ ಶಿಸ್ಟ್, ಎಂದೋ ಲಾವಾ ಆಗಿ ಹರಿದ ಬಸಾಲ್ಟು ಆಳದಲ್ಲಿ ಬೆಂದು, ನಲುಗಿ ಈ ರೂಪಕ್ಕೆ ಬಂದದ್ದು. ಕೆಲವು ಪಟ್ಟೆ ಸೀರೆಯ ಹಾಗೆ ಒಂದು ಎಳೆ ಕಪ್ಪು, ಒಂದು ಎಳೆ ಇಟ್ಟಿಗೆ ಕೆಂಪು. ಅವು ಕಬ್ಬಿಣದ ಅಂಶ ತುಂಬಿದ ಪಟ್ಟೆಶಿಲೆ. ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯಿಂದ ಹೋಗುತ್ತಿದ್ದ ಅದಿರಿನ ಕುಲದವೇ. ಈ ಇಡೀ ಶಿಲಾಸಮೂಹ 250 ಕೋಟಿ ವರ್ಷಕ್ಕಿಂತ ಹಳೆಯದು. ಇದಕ್ಕೆ ಧಾರವಾಡದ ಹೆಸರಿಟ್ಟವನು ಬ್ರಿಟಿಷರ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆತ 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳನ್ನೆಲ್ಲ ಸುತ್ತಿ, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಧಾರವಾಡ ಶಿಲೆಗಳಲ್ಲಿದೆ ಎಂದು ಬರೆದ. ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದ ಜಾಲಗಾರರಿಗೆ ಯಾವ ಹಳ್ಳದಲ್ಲಿ ತೊಳೆಯಬೇಕು, ಯಾವುದರಲ್ಲಿ ತೊಳೆದರೆ ದಂಡ ಎಂಬುದು ತಲೆಮಾರಿನಿಂದ ತಿಳಿದಿತ್ತು.

ಉಜ್ಜುತ್ತಾ ಹೋದಾಗ ಮನಸ್ಸಿಗೆ ಹೊಳೆದದ್ದು ಬೇರೆ. ಅರವತ್ನಾಲ್ಕರಲ್ಲಿ ಹತ್ತೊಂಬತ್ತು ತುಂಡುಗಳು ಪೂರ್ತಿ ಉರುಟಲ್ಲ, ಉದ್ದಕ್ಕೆ ಸೀಳಿದ ಅರ್ಧ. ಅತ್ತೆ ಆರಿಸಿ ಅವುಗಳ ಚಪ್ಪಟೆ ಮುಖ ಕೆಳಗೆ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಅಲ್ಲಾಡುವುದಿಲ್ಲವೆಂದು. ಕೋರನ್ನು ಸುಮ್ಮನೆ ಯಾರೂ ಸೀಳುವುದಿಲ್ಲ. ಇಲ್ಲಿ ಏನೋ ಇರಬಹುದು ಎಂದು ಭೂವಿಜ್ಞಾನಿಗೆ ಅನ್ನಿಸಿದ ಕಡೆ ಮಾತ್ರ ಗರಗಸದಲ್ಲಿ ಎರಡು ಹೋಳು ಮಾಡಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದನ್ನು ಮುಂದೆ ಬರುವವರಿಗಾಗಿ ಪೆಟ್ಟಿಗೆಯಲ್ಲೇ ಉಳಿಸುತ್ತಾರೆ. ಆ ಮುಂದೆ ಬರುವವಳು ನಾನೇ ಅನ್ನಿಸಿ ಒಂದು ಕ್ಷಣ ಕೈ ನಿಂತಿತು. ಕಾಣದ ಯಾರೋ ಒಬ್ಬರು ಎಲ್ಲಿ ಆಸೆ ಇಟ್ಟಿದ್ದರು ಎಂಬುದು ಆ ಹತ್ತೊಂಬತ್ತು ಹೋಳುಗಳಲ್ಲಿ ಉಳಿದಿತ್ತು.

ಹೋಳುಗಳಲ್ಲಿ ಬಿಳಿ ಬೆಣಚುಕಲ್ಲಿನ ಎಳೆಗಳು. ಎಳೆಯ ಅಂಚಿಗೆ ಹಿತ್ತಾಳೆ ಬಣ್ಣದ ಮಿಣುಕು. ಮಾವ ಬಗ್ಗಿ ನೋಡಿ, "ಇದು ಕಾಗೆಬಂಗಾರ ಅಲ್ವೇನೇ?" ಎಂದರು. ನಮ್ಮ ಕಡೆ ಕಾಗೆಬಂಗಾರ ಎನ್ನುವುದು ಅಭ್ರಕಕ್ಕೆ, ಅದು ಪದರ ಪದರವಾಗಿ ಉಗುರಿಗೆ ಏಳುತ್ತದೆ. ಇದು ಏಳಲಿಲ್ಲ. ಸೂಜಿ ತರಿಸಿ ಚುಚ್ಚಿದೆ. ಚಿನ್ನವಾಗಿದ್ದರೆ ಮೆತ್ತಗೆ ತಗ್ಗು ಬೀಳುತ್ತಿತ್ತು, ಇದು ಪುಡಿಪುಡಿಯಾಗಿ ಸಿಡಿಯಿತು. ಒಡೆದ ಪಿಂಗಾಣಿ ಬಟ್ಟಲಿನ ತಳದಲ್ಲಿ ಹೊಳಪಿಲ್ಲದ ಉಂಗುರವಿರುತ್ತದಲ್ಲ, ಅದರ ಮೇಲೆ ಉಜ್ಜಿದರೆ ಹಸಿರುಗಪ್ಪು ಗೆರೆ. ಚಿನ್ನದ ಗೆರೆ ಚಿನ್ನದ ಬಣ್ಣದ್ದೇ, ಅಕ್ಕಸಾಲಿಗರ ಒರೆಗಲ್ಲು ನಂಬಿರುವುದೂ ಇದನ್ನೇ. ಇದು ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್. ಎರಡು ಹೋಳುಗಳಲ್ಲಿ ಮಾತ್ರ ನವಿಲುಗರಿಯ ನೀಲಿ ನೇರಳೆ ಹತ್ತಿದ ಹಳದಿ ಕಂಡಿತು. ಅದು ತಾಮ್ರದ ಅದಿರು, ಚಾಲ್ಕೋಪೈರೈಟ್. ಪಕ್ಕದ ಬಿರುಕಿನಲ್ಲಿ ಹಸಿರು ಕಲೆ. ಅತ್ತೆ ಅದನ್ನು ನೋಡಿದವರೇ, "ಅಯ್ಯೋ, ಹುಣಸೆಹಣ್ಣು ಹಾಕದ ತಾಮ್ರದ ಚೊಂಬಿನ ಕಿಲುಬು ಇದ್ದಂಗಿದೆ" ಎಂದರು. ಅವರಂದದ್ದು ಸರಿ. ಮ್ಯಾಲಕೈಟ್ ಎಂಬ ಆ ಹಸಿರು, ನೀರು ಗಾಳಿ ತಾಗಿ ತಾಮ್ರಕ್ಕೆ ಬರುವ ಕಿಲುಬೇ. ಚಿತ್ರದುರ್ಗದ ಇಂಗಳದಾಳಿನಲ್ಲಿ ಗಣಿ ಆದದ್ದೂ, ಅರಸೀಕೆರೆ ಬಳಿಯ ಕಲ್ಯಾಡಿಯಲ್ಲಿ ಹಿಂದಿನವರು ಗುಂಡಿ ತೋಡಿದ್ದೂ ಇಂಥ ತಾಮ್ರಕ್ಕಾಗಿ.

ಒಂದು ಹೋಳಿನಲ್ಲಿ ಬೆಳ್ಳಿಯಂಥ ಸಣ್ಣ ಸೂಜಿಗಳಿದ್ದವು. ಸುತ್ತಿಗೆಯ ತುದಿಯಿಂದ ಕುಟ್ಟಿ ಮೂಸಿದೆ. ಬೆಳ್ಳುಳ್ಳಿ ವಾಸನೆ. ಆರ್ಸೆನೋಪೈರೈಟ್, ಅಂದರೆ ಪಾಷಾಣ ಒಳಗಿಟ್ಟುಕೊಂಡ ಖನಿಜ. ನಮ್ಮ ಶಿಲೆಗಳಲ್ಲಿ ಎಷ್ಟೋ ಕಡೆ ಚಿನ್ನದ ಜೊತೆಗೇ ಇರುತ್ತದೆ, ಹಾಗಾಗಿ ನನಗೆ ಎದೆ ಡವಗುಟ್ಟಿದ್ದು ನಿಜ. ಆದರೆ ಮೊದಲು ಕೇಳಿದ್ದು, ಇಂಥ ಕಲ್ಲು ಬಾವಿಕಟ್ಟೆಗೆ, ಅಡುಗೆಮನೆಗೆ ಏನಾದರೂ ಹೋಗಿದೆಯಾ ಎಂದು. ಒಂದು ಹೋಳನ್ನು ಅತ್ತೆ ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಿದ್ದರು! ತಂದು ನೋಡಿದರೆ ಅದು ಬರೀ ಪಟ್ಟೆಶಿಲೆ. ಆದರೂ ಬೇಡ ಎಂದು ಬಿಡಿಸಿದೆ. ಅದನ್ನೂ ಸೇರಿಸಿ ಹೋಳುಗಳು ಇಪ್ಪತ್ತಾದವು.

"ಹಂಗಾದ್ರೆ ಚಿನ್ನ ಐತೋ ಇಲ್ವೋ?" ಮಾವ ಕೇಳಿದರು.

ಇದ್ದರೂ ಕಣ್ಣಿಗೆ ಕಾಣುವಂತಿರುವುದಿಲ್ಲ ಎಂದು ವಿವರಿಸಿದೆ. ಒಂದು ಟನ್ ಕಲ್ಲಿನಲ್ಲಿ 3 ಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಈ ದಪ್ಪದ ಕೋರಿನ ಒಂದು ಮೀಟರ್ ಉದ್ದದ ಅರ್ಧ ಹೋಳು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅಷ್ಟರಲ್ಲಿ ಇರುವ ಚಿನ್ನ ಏಳೆಂಟು ಮಿಲಿಗ್ರಾಂ, ಒಟ್ಟುಗೂಡಿಸಿದರೂ ಗಾತ್ರದಲ್ಲಿ ಒಂದು ರಾಗಿ ಕಾಳಿನ ಕಾಲುಭಾಗವಿಲ್ಲ. ಅದೂ ಕಲ್ಲಿನ ತುಂಬ ಚೆದುರಿರುತ್ತದೆ. ಅತ್ತೆಯ ಕೊರಳಲ್ಲಿರುವಂಥ ಒಂದು ಪವನಿಗೆ, ಅಂದರೆ 8 ಗ್ರಾಮಿಗೆ, ಒಂದು ಟ್ರ್ಯಾಕ್ಟರ್ ಟ್ರೇಲರಿನ ಹತ್ತಿರ ಹತ್ತಿರ ಕಲ್ಲು ಒಡೆಯಬೇಕು. ಹಾಗಾಗಿ ಹೋಳನ್ನು ಹಿಟ್ಟು ಮಾಡಿ, ಸೀಸದ ಭಸ್ಮದ ಜೊತೆ ಮೂಸೆಯಲ್ಲಿ ಕರಗಿಸಿ, ಸೀಸ ಹೀರಿಕೊಂಡ ಚಿನ್ನವನ್ನು ಮತ್ತೆ ಪುಟಕ್ಕಿಟ್ಟು ಬೇರ್ಪಡಿಸಿ ತೂಗುತ್ತಾರೆ. ಅತ್ತೆ ಮಾತಾಡದೆ ಸರವನ್ನು ಬೆರಳಲ್ಲಿ ತಿರುವುತ್ತಾ ಕೇಳಿದರು.

ಊಟವಾದ ಮೇಲೆ ಗುಡ್ಡ ಹತ್ತಿದೆವು. ಬಿಸಿಲು ಜೋರಿತ್ತು, ಬಾರೆ ಮುಳ್ಳು ಸೀರೆ ಹಿಡಿಯುತ್ತಿತ್ತು. ನೆತ್ತಿಯುದ್ದಕ್ಕೆ ಉತ್ತರ ದಕ್ಷಿಣವಾಗಿ ಹಳೆಯ ಗುಂಡಿಗಳ ಸಾಲು, ಒಳಗೆ ಹಾವಸೆ, ಲಂಟಾನ. ಚಿಕ್ಕವಳಿದ್ದಾಗ ಅಜ್ಜ ಇವನ್ನು ಯಾವುದೋ ಪಾಳೇಗಾರನ ಹಗೇವು ಎನ್ನುತ್ತಿದ್ದರು. ಕಾಳು ತುಂಬುವ ಹಗೇವನ್ನು ಯಾರೂ ಬೆಣಚುಕಲ್ಲಿನ ಎಳೆ ಹಿಡಿದು ಓರೆಯಾಗಿ ತೋಡುವುದಿಲ್ಲ. ಪಕ್ಕದ ಬಂಡೆಯ ಮೇಲೆ ಒರಳಿನಂಥ ನುಣುಪು ತಗ್ಗುಗಳಿದ್ದವು, ಕಲ್ಲು ಅರೆದ ಗುರುತು. ಹಿಂದಿನವರು ನೀರು ಸಿಗುವವರೆಗೆ ಇಳಿದಿದ್ದಾರೆ. ನೀರು ಎತ್ತಿ ಹಾಕುವ ಬಲವಿಲ್ಲದಲ್ಲಿ ಬಿಟ್ಟಿದ್ದಾರೆ. ಹೊನ್ನಾಳಿ ಸೀಮೆಯ ಪಲವನಹಳ್ಳಿ, ಕುದುರೆಕೊಂಡಗಳಲ್ಲೂ ಇಂಥ ಹಳೇ ಗುಂಡಿಗಳ ಜಾಡು ಹಿಡಿದೇ, ಕೋಲಾರದ ಚಿನ್ನದ ಸುದ್ದಿ ಲಂಡನ್ನಿಗೆ ಮುಟ್ಟಿದ ಕಾಲದಲ್ಲಿ ಯಂತ್ರ ತಂದು ಇಳಿದರು. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ 2001ರಲ್ಲಿ ನಿಂತಿತು. ಇಲ್ಲಿಯದು ಅಷ್ಟು ನಡೆಯಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿ ನಕ್ಷೆ ಬರೆಸಿತು. ಸ್ವಾತಂತ್ರ್ಯದ ನಂತರ ಸರ್ಕಾರದವರು ಬಂದರು, 1990ರ ದಶಕದಲ್ಲಿ ಕಾನೂನು ಸಡಿಲವಾದ ಮೇಲೆ ಖಾಸಗಿಯವರು. ಹೀಗೆ ನಾಲ್ಕೈದು ತಲೆಮಾರು ಅದೇ ಸೀಮೆಯನ್ನು ಸುತ್ತಿದೆ. ಹಿಂದಿನವರು ಕಂಡದ್ದು, ಅದಕ್ಕಿಂತ ಹೆಚ್ಚಾಗಿ ಕಾಣದೇ ಹೋದದ್ದು, ಮುಂದಿನವರ ಕೈ ಸೇರಿದ್ದರೆ ಎಷ್ಟು ತೂತು ಕೊರೆಯುವುದು ಉಳಿಯುತ್ತಿತ್ತೋ! ಖನಿಜ ಇಲ್ಲದ ಕೋರಿಗೂ ಖನಿಜ ಇರುವ ಕೋರಿನಷ್ಟೇ ಬೆಲೆ ಎಂದು ನಾನು ಕೆಲಸಕ್ಕಿದ್ದಾಗಲೂ ವಾದ ಮಾಡುತ್ತಿದ್ದೆ, ಈಗ ತರಗತಿಯಲ್ಲೂ ಹೇಳುತ್ತೇನೆ.

ಗುಂಡಿ ಸಾಲಿಗೆ ಪೂರ್ವಕ್ಕೆ, ಹುಲ್ಲಿನೊಳಗೆ ಮಾವ ಕಾಲಿನಿಂದ ಸರಿಸಿ ತೋರಿಸಿದ್ದು ಒಂದು ಸಿಮೆಂಟಿನ ಪುಟ್ಟ ಕಟ್ಟೆ. ನಡುವೆ ಮುಚ್ಚಿದ ಕಬ್ಬಿಣದ ಕೊಳವೆ. ಹಸಿ ಸಿಮೆಂಟಿನ ಮೇಲೆ ಕಡ್ಡಿಯಲ್ಲಿ ಗೀರಿದ್ದ ಅಕ್ಷರಗಳಲ್ಲಿ 50 ಡಿಗ್ರಿ ಎಂಬುದೂ, ಪಶ್ಚಿಮಕ್ಕೆ ಬಾಣದ ಗುರುತೂ ಉಳಿದಿತ್ತು. ಪದರಗಳು ಪೂರ್ವಕ್ಕೆ ಇಳಿದಿವೆ, ಹಾಗಾಗಿ ಪೂರ್ವದಲ್ಲಿ ನಿಂತು ಪಶ್ಚಿಮಕ್ಕೆ ಓರೆಯಾಗಿ ಕೊರೆದು, ಹಳೇ ಗುಂಡಿಗಳ ಬುಡವನ್ನು ಕೆಳಗೆ ಅಡ್ಡ ಹಾಯುವ ಲೆಕ್ಕ. ಬಲ್ಲವರೇ ಇಟ್ಟ ತೂತು.

"ಇಲ್ಲೇ ನನ್ನ ಕಾವಲು. ಒಂದು ರಾತ್ರಿ, ಗೋಪೂಜೆ ದಿನ ಅದು, ಮೇಲೆ ಬರ್ತಿದ್ದ ನೀರು ತಟ್ಟನೆ ನಿಂತೋಯ್ತು. ಟ್ಯಾಂಕರ್‌ಗಟ್ಲೆ ಬಿಟ್ರೂ ಬರ್ಲಿಲ್ಲ. ರಾಡು ಸಿಕ್ಕಾಕ್ಕೊಂಡು ಎರಡು ದಿನ ಕೆಲಸ ಇಲ್ಲ. ಆ ಡ್ರಿಲ್ಲರು ಸಿಟ್ಟಿಗೆ ಕೈಯಲ್ಲಿದ್ದ ಮರದ ತುಂಡು ಬೆಂಕಿಗೆ ಎಸೆದ. ಒಳ್ಳೇ ಸಾಗುವಾನಿ ಇದೆಯಲ್ಲ ಅಂತ ನಾನು ಎತ್ಕೊಂಡೆ."

"ಈಗೆಲ್ಲಿದೆ ಮಾವ ಅದು?"

"ಅಡಿಕೆ ಕೋಣೆ ಕಿಟಕಿಗೆ ಕೊಟ್ಟಿದೀನಲ್ಲ."

ಇಳಿಯುವಾಗ ನಾನೇ ಮುಂದೆ. ಕಿಟಕಿಯ ಬಾಗಿಲಿಗೆ ಒತ್ತು ಕೊಟ್ಟಿದ್ದ ತುಂಡಿನ ಒಂದು ಮೂಲೆ ಸುಟ್ಟಿತ್ತು. ಮಸಿ ಒರೆಸಿದಾಗ ಬಾಲ್‌ಪೆನ್ನು ಒತ್ತಿ ಬರೆದ ಅಂಕಿ ಕಂಡಿತು: 61.50. ಐವತ್ತು ಡಿಗ್ರಿ ಓರೆಯಲ್ಲಿ ಅಷ್ಟು ದೂರ ಎಂದರೆ ನೇರ ಕೆಳಗೆ 47 ಮೀಟರ್. ಕೊರೆಯುವಾಗ ತೂತಿಗೆ ಬಿಟ್ಟ ನೀರು ಮೇಲೆ ಬಾರದೆ ಮಾಯವಾಯಿತೆಂದರೆ ಅಲ್ಲಿ ಕಲ್ಲು ಬಿರಿದಿದೆ, ಬಿರುಕಿನಲ್ಲಿ ನೀರು ಓಡಾಡಿದೆ, ಓಡಾಡಿದ ಕಡೆ ಪೈರೈಟ್ ತುಕ್ಕು ಹಿಡಿದಿರಬೇಕು. ಅಂಗಳಕ್ಕೆ ಓಡಿ ಹೋಳುಗಳಲ್ಲಿ ತುಕ್ಕಿನ ಬಣ್ಣದ, ಚೂರಾದ ಬೆಣಚುಕಲ್ಲಿನವನ್ನು ಬೇರೆ ಮಾಡಿದೆ. ಏಳು ಸಿಕ್ಕಿದವು. ಮುರಿದ ಮುಖಕ್ಕೆ ಮುರಿದ ಮುಖ ಹಿಡಿದು ನೋಡುತ್ತಾ ಹೋದೆ, ಮಾವನೂ ಪಕ್ಕ ಕೂತು ಹಿಡಿದರು. ನಾಲ್ಕನೆಯದು ಐದನೆಯದಕ್ಕೆ ಕೂಡಿದಾಗ ಕೂದಲೆಳೆ ಸಂದಿಲ್ಲದೆ ಕೂತಿತು. ಮಾವ ಉಸಿರು ಬಿಟ್ಟು, "ಹದಿನೈದು ವರ್ಷ ಇಲ್ಲೇ ಓಡಾಡಿದೀನಿ, ಇದು ಅದರದ್ದೇ ಅಂತ ಗೊತ್ತಾಗ್ಲಿಲ್ಲ ನೋಡು" ಎಂದರು.

ಸಂಜೆಯ ಹೊತ್ತಿಗೆ ಇಪ್ಪತ್ತರಲ್ಲಿ ಹನ್ನೊಂದು ಹೋಳು ಒಂದಕ್ಕೊಂದು ಕೂಡಿದವು. ಉಳಿದವು ಬಿಡಿಯಾಗಿಯೇ ಉಳಿದವು. 61.50ರ ಹತ್ತಿರ ಎಂದು ಬರೆದುಕೊಂಡ ಏಳಕ್ಕೂ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ಮಾವನ ನೆನಪು, ಗೋಪೂಜೆಯ ದಿನ, ನೀರು ನಿಂತದ್ದು, ಎಲ್ಲವನ್ನೂ ಅವರ ಮಾತಿನಲ್ಲೇ ಪುಸ್ತಕಕ್ಕೆ ಏರಿಸಿದೆ. ಅತ್ತೆ ಹಳೇ ಅಡಿಕೆ ತಟ್ಟಿ ಎರಡು ಕೊಟ್ಟರು, ಕಟ್ಟೆಯ ಅಂಚಿಗೆ ಹೊಳೆಯಿಂದ ಬೇರೆ ಕಲ್ಲು ತಂದುಕೊಡಬೇಕೆಂಬ ಮಾತಿನ ಮೇಲೆ.

ಗುರುತು ಬರೆಯಲು ಬಣ್ಣ ಬೇಕಿತ್ತು. ಮಾವ ಕೊಟ್ಟಿಗೆಯಿಂದ, ದೀಪಾವಳಿಯಲ್ಲಿ ಎತ್ತಿನ ಕೊಂಬಿಗೆ ಬಳಿದು ಉಳಿದ ಕೆಂಪು ಬಣ್ಣದ ಡಬ್ಬಿ ತಂದು, ಬೇವಿನ ಕಡ್ಡಿ ಜಗಿದು ಕುಂಚ ಮಾಡಿ ಮೊದಲ ಹೋಳಿನ ಮೇಲೆ 1 ಎಂದು ಬರೆದರು. ಆಮೇಲೆ ಕಡ್ಡಿ ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಬಾಣ ಯಾವ ಕಡೆಗೆ ಹಾಕ್ಲವ್ವ?"

"ಆಳದ ಕಡೆಗೆ, ಮಾವ."